ತಲೆಬರಹ

ಬಂದರಿನ ಐಸ್ ಫ್ಯಾಕ್ಟರಿಯ ಮೇಲಿನ ಕೋಣೆ.
ಆದಿತ್ಯವಾರ ಮೂರು ಗಂಟೆ.
ಕೆಳಗೆ ಮಂಜುಗಡ್ಡೆ ಪುಡಿಯಾಗುವ ಸದ್ದು,
ಮೇಲೆ ನಾವು ನಾಲ್ವರು, ಒಂದು ಚಪ್ಪಲಿ ಡಬ್ಬ,
ಹನ್ನೊಂದು ಸಂಪುಟಗಳ ಒಂದೇ ಕಾದಂಬರಿ.
ಬರೆದವರು ತೀರಿಕೊಂಡು ಒಂಬತ್ತು ವರ್ಷ,
ಒಳಗಿದ್ದವರೆಲ್ಲ ಇನ್ನೂ ಇದ್ದಾರಲ್ಲ,
ಅವರಿಗೊಂದು ಹಾಜರಿ ಬೇಡವೇ
ಎಂದು ಶುರುವಾದದ್ದು.

ಒಬ್ಬರಿಗೆ ಒಂದು ಚೀಟಿ.
ಹಳೆ ಮದುವೆ ಕಾಗದ ಕತ್ತರಿಸಿ ಮಾಡಿದ್ದು:
ಈಚೆ ನಮ್ಮ ಪಾತ್ರ, ಆಚೆ ಯಾರದೋ ಚಿ. ಸೌ.
ಅಕ್ಷರ ದುಂಡಗಿದೆಯೆಂದು
ಬರೆಯುವ ಕೆಲಸ ನನ್ನ ತಲೆಗೆ ಬಂತು.

ಮೊದಲ ನಿಯಮಕ್ಕೇ ಎರಡು ತಿಂಗಳು.
ಶ್ರೀ, ಶ್ರೀಮತಿ, ದಣಿ, ಸಾಹುಕಾರ, ಪೊರ್ಬು, ಯಾವುದೂ ಬೇಡ,
ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬರಬೇಕು.
"ಹಾಗಾದರೆ ಕ್ಯಾಪ್ಟನ್?" ಸೆವರಿನ್ ಬಾಯಿ ಕೇಳಿದರು.
ಇಡೀ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರೇ ಇಲ್ಲ,
ಚಪ್ಪಲಿ ಬಿಚ್ಚಿದರೆ ಕಾಲೇ ಬರುತ್ತದೆ!
ಅವನೊಬ್ಬನಿಗೆ ವಿನಾಯಿತಿ.

ಒಂದೇ ಊರು: ಕುಡ್ಲ, ಕೊಡಿಯಾಲ್, ಮೈಕಾಲ.
ಒಂದೇ ಮೀನು: ಬೂತಾಯಿ, ತಾರ್ಲೊ, ಮತ್ತಿ.
ಹೀಗೆ ಬೆಳೆದವರಿಗೆ
ಒಬ್ಬನಿಗೆ ಒಂದೇ ಹೆಸರೆಂದರೆ ನಾಲಿಗೆ ಕೇಳುತ್ತದೆಯೇ?
ಅದಕ್ಕೇ 'ನೋಡಿ' ಬಂತು.
ಬೌತಿಸ: ನೋಡಿ, ಬಾಬ.
ಬಾಬ: ನೋಡಿ, ಬೌತಿಸ.
ನಾನೊಮ್ಮೆ ಹೀಗೆ ತಪ್ಪಿ ಬರೆದು
ಪಾಪ, ಒಂದು ವಾರ ಅವನು
ಎರಡು ಚೀಟಿಗಳ ನಡುವೆ ಅಲೆದ.

ಹಮ್ಮಬ್ಬ ಮೇಜು ಬಡಿದು ಹೇಳಿದ್ದು ಇನ್ನೊಂದು:
ಮೂರನೇ ಸಂಪುಟದಲ್ಲಿರುವವನಿಗೆ
ಒಂಬತ್ತರ ಗುಟ್ಟನ್ನು ತಲೆಬರಹ ಬಿಟ್ಟುಕೊಡಬಾರದು.
ದೀಪಸ್ತಂಭ ಕಾಯುವವನೇ ಕಳೆದುಹೋದ ಅಣ್ಣ,
ನಮಗೆ ಗೊತ್ತು. ಚೀಟಿಗೆ ಗೊತ್ತಿರಬಾರದು.
ಮೊದಲು ಯಾವ ಹೆಸರಲ್ಲಿ ಬಂದನೋ ಅದೇ ಮೇಲೆ,
ಉಳಿದದ್ದು ಕೆಳಗೆ, ಸಣ್ಣಕ್ಷರದಲ್ಲಿ.
ತಲೆಬರಹವೆಂದರೆ ಅದೇ ಅಲ್ಲವೇ ಮಾರಾಯ್ರೆ,
ಹೊತ್ತವನಿಗೆ ಓದಲಿಕ್ಕಾಗುವುದಿಲ್ಲ.

ಇಷ್ಟೂ ಹೊತ್ತು ಸುಮ್ಮನಿದ್ದ ವಾರಿಜಕ್ಕ
ನಾಲ್ಕನೇ ಸಂಪುಟದ ಇನ್ನೂರ ಆರನೇ ಪುಟ ಬಿಡಿಸಿಟ್ಟರು.
ದೋಣಿ ಮಗುಚಿದ ರಾತ್ರಿ, ದಕ್ಕೆಯಲ್ಲಿ,
ಹುಡುಗನ ಕೂದಲು ಹಿಡಿದು ಮೇಲಕ್ಕೆಳೆದ ಹೆಂಗಸು.
ಒಂದೂವರೆ ಸಾಲು. ಮತ್ತೆಲ್ಲೂ ಇಲ್ಲ.
ಆ ಹುಡುಗನಿಗೋ, ಒಂದು ಚೀಟಿ ಸಾಲದೆ
ಇನ್ನೆರಡನ್ನು ಗುಂಡುಸೂಜಿಯಲ್ಲಿ ಸಿಕ್ಕಿಸಿದ್ದೇವೆ.
"ಇವಳದ್ದು ಎಲ್ಲುಂಟು?"

ಹೆಸರಿಲ್ಲದವರಿಗೆ ಚೀಟಿ ಇಲ್ಲ, ಅಂದೆ. ನಿಯಮ ಆರು.
"ಗೋಡಂಬಿ ಕಾರ್ಖಾನೆಯ ಹಾಜರಿಯಲ್ಲಿ ನಾನು
ಇಪ್ಪತ್ತೆರಡು ವರ್ಷ ಇನ್ನೂರ ಹದಿನಾಲ್ಕು.
ಕರೆದರೆ ಓ ಅನ್ನುತ್ತಿದ್ದೆ, ಮಾರಾಯ್ತಿ."

ನಾವೇ ಒಂದು ಇಡುವ, ಕಾರ್ಮಿಣ್ ಅಂತ, ಸೆವರಿನ್ ಬಾಯಿ.
ಬೇಡ, ವಾರಿಜಕ್ಕನೇ ತಡೆದರು,
ಬರೆದವರು ಕೊಡದ್ದನ್ನು ಕೊಡಲಿಕ್ಕೆ ನಾವು ಯಾರು.
'ಹೆಂಗಸು', ಆವರಣದಲ್ಲಿ 'ದಕ್ಕೆ'?
ದಕ್ಕೆಯಲ್ಲಿ ಹೆಂಗಸರು ಎಷ್ಟು ಮಂದಿ,
ಆವರಣ ಬಿರಿದೀತು.

ಕೊನೆಗೆ ಮೇಲಿನ ಸಾಲು ಖಾಲಿ ಬಿಟ್ಟೆ,
ಕೆಳಗೆ ಪುಟದ ಸಂಖ್ಯೆ ಮಾತ್ರ.
ಖಾಲಿ ಎಲ್ಲಿ ಸೇರುತ್ತದೆ, ಅಕಾರಾದಿಯಲ್ಲಿ?
ಅ-ಕ್ಕಿಂತ ಮೊದಲು.
ಹಾಗೆ ಡಬ್ಬದ ಬಾಯಲ್ಲೇ ನಿಂತಳು,
ಅಬ್ಬು, ಅಮ್ಮಣ್ಣಿ, ಕ್ಯಾಪ್ಟನ್ ಎಲ್ಲರಿಗಿಂತ ಮುಂದೆ.
ಬೆನ್ನಿನಲ್ಲಿ ಮದುವೆ ಕಾಗದದ ಚೂರು,
'ಇವರ ದ್ವಿತೀಯ ಪುತ್ರಿ' ಎಂಬಲ್ಲಿಗೆ
ಕತ್ತರಿ ಹೋಗಿದೆ.

ಮೊನ್ನೆ ನೋಡಿದರೆ ಹಮ್ಮಬ್ಬರ ಮೊಮ್ಮಗ
ಉಪಯೋಗಿಸದ ಚೀಟಿಯೆಂದು ತೆಗೆದು ಬರೆದಿದ್ದಾನೆ:
ಮತ್ತಿ, ನಾಲ್ಕು ಬುಟ್ಟಿ, ಬಾಕಿ.
ನಿಯಮದಂತೆ ಇನ್ನು ಅವಳು 'ಮ'ದಲ್ಲಿ.
ರಬ್ಬರಿನಲ್ಲಿ ಉಜ್ಜಿದೆ.
ಪೆನ್ಸಿಲ್ಲು ಹೋಯಿತು, ಒತ್ತಿದ್ದು ಹೋಗಲಿಲ್ಲ;
ಕಿಟಕಿಗೆ ಓರೆಯಾಗಿ ಹಿಡಿದರೆ
ಬುಟ್ಟಿ ಕಾಣುತ್ತದೆ, ಬಾಕಿಯೂ.

ಇರಲಿ ಬಿಡು, ಅಂದರು ವಾರಿಜಕ್ಕ.
ಕೈಯಿಂದ ತೆಗೆದುಕೊಂಡು
ಮತ್ತೆ ಮುಂದೆಯೇ ಇಟ್ಟರು.