ಇಂಚಿಗೆ ಎಂಟು

ನಮ್ಮ ಫ್ಯಾಕ್ಟರಿಯಲ್ಲಿ ಎರಡು ಸಾಲು.
ಕಿಟಕಿ ಕಡೆಯದು ಶೋರೂಮಿಗೆ,
ಇಂಚಿಗೆ ಹದಿನಾಲ್ಕು ಹೊಲಿಗೆ.
ಗೋಡೆ ಕಡೆಯದು ಔಟ್‌ಲೆಟ್ಟಿಗೆ, ಇಂಚಿಗೆ ಎಂಟು.
ಹೆಸರು ಒಂದೇ. ಎದೆಯ ಮೇಲೆ
ಬಿಳಿ ದಾರದ ಅದೇ ಕೊಕ್ಕರೆ.
ಗೋಡೆ ಕಡೆಯ ಕೊಕ್ಕರೆಗೆ ಕಣ್ಣಿಲ್ಲ ಅಷ್ಟೆ.
ಕಣ್ಣಿಗೆ ಬೇರೆ ದಾರ ಬೇಕು,
ಬೇರೆ ದಾರಕ್ಕೆ ಬೇರೆ ನಿಮಿಷ.

ಜನ ಅಂದುಕೊಳ್ಳುತ್ತಾರೆ:
ಮಿಕ್ಕ ಮಾಲು, ಫಾರಿನ್ನಿಗೆ ಹೋಗಬೇಕಾದ್ದು,
ಎಲ್ಲೋ ಒಂದು ಎಳೆ ತಪ್ಪಿತು ಅಂತ
ಅಗ್ಗಕ್ಕೆ ಬಿಟ್ಟಿದ್ದಾರೆ ಪಾಪ.
ಇಲ್ಲ. ಏನೂ ತಪ್ಪಿಲ್ಲ ಅದರಲ್ಲಿ.
ಇಷ್ಟೇ ಇರಲಿ ಅಂತ ಅಳೆದು, ಬರೆದು, ಸಹಿ ಹಾಕಿ
ಇಷ್ಟೇ ಮಾಡಿದ್ದು.

ಯುಗಾದಿ ಕಳೆದ ಮೇಲೆ ನನ್ನನ್ನು ಗೋಡೆ ಕಡೆಗೆ ಹಾಕಿದರು.
ಹನ್ನೊಂದು ವರ್ಷ ಕಿಟಕಿ ಕಡೆ ಪಳಗಿದ ಕೈ.
ಮಿಷನ್ನಿನ ತಿರುಪು ಎಂಟಕ್ಕೇ ಇದ್ದರೂ
ಕಫ್ಫಿನ ತುದಿಗೆ ಬಂದಾಗ ತಾನಾಗಿ ಹಿಂದಕ್ಕೆ ಹೋಗಿ
ಎರಡೆರಡು ಸಲ ಬೀಗ ಹಾಕಿಬಿಡುತ್ತಿತ್ತು.
ಪ್ರಮೀಳಮ್ಮ ಬೆನ್ನ ಹಿಂದೆ ಬಂದು ನಿಂತು
‘ಗಂಗಾಮಣಿ, ಇಷ್ಟು ಚೆನ್ನಾಗಿ ಹೊಲೀಬ್ಯಾಡ ಕಣಮ್ಮ,
ಗಂಟೆಗೆ ಆರು ಪೀಸು ಹೊಯ್ತದೆ’ ಅಂದರು.
ಬೈಸಿಕೊಂಡಿದ್ದೇನೆ ಓರೆ ಹೊಲಿದದ್ದಕ್ಕೆ, ಎಣ್ಣೆ ಕಲೆಗೆ,
ಎರಡನೇ ಸಲ ಬಾತ್ರೂಮಿಗೆ ಎದ್ದದ್ದಕ್ಕೆ.
ಚೆನ್ನಾಗಿ ಹೊಲಿದದ್ದಕ್ಕೆ ಅದೇ ಮೊದಲು.
ಅಳು ಬರಲಿಲ್ಲ, ನಗುವೂ ಬರಲಿಲ್ಲ.
ಕೈಗೆ ಹೇಳಿಕೊಡಲು ದಿನ ಹಿಡಿಯಿತು,
ಕೆಲಸ ಕಲಿತದ್ದಕ್ಕಿಂತ ಹೆಚ್ಚು ದಿನ.

ತಮ್ಮ ಜಯಸ್ವಾಮಿಗೆ ಬೀಗರ ಊಟಕ್ಕೊಂದು ಅಂಗಿ ಬೇಕಿತ್ತು.
‘ಕೊಕ್ಕರೇದೇ ತಾ ಅಕ್ಕ, ಹುಡುಗಿ ಕಡೆಯೋರು ನೋಡ್ತರೆ.’
ನೋಡುತ್ತಾರೆ, ನಿಜ. ಕಣ್ಣು ಯಾರು ಹುಡುಕುತ್ತಾರೆ.

ಭಾನುವಾರ ಮಂಡ್ಯದಲ್ಲಿ ರೈಲು ಹತ್ತಿದೆ.
ಯಲಿಯೂರಿನವರೆಗೂ ನಿಂತೇ,
ಪಾಂಡವಪುರದಲ್ಲಿ ಅರ್ಧ ಸೀಟು.
ಮೈಸೂರು ರಿಂಗ್ ರೋಡಿನ ಮಗ್ಗುಲಲ್ಲಿ
ಗೋಡೌನಿನಂಥ ಅಂಗಡಿ, ಬಾಗಿಲಿಗೆ ಬಲೂನು.
ಚೀಟಿಯ ಮೇಲೆ ಎರಡು ಸಾವಿರದ ನಾನೂರ ತೊಂಬತ್ತೊಂಬತ್ತು,
ಅದರ ಮೇಲೆ ಕೆಂಪು ಗೀಟು,
ಕೆಳಗೆ ಏಳುನೂರ ತೊಂಬತ್ತೊಂಬತ್ತು.
ಆ ಮೇಲಿನ ಬೆಲೆಗೆ ಆ ಅಂಗಿಯನ್ನು
ಯಾರೂ ಯಾವತ್ತೂ ಮಾರಿರಲಿಲ್ಲ.
ಗೀಟು ಹಾಕಲಿಕ್ಕೆಂದೇ ಹುಟ್ಟಿಸಿದ ಬೆಲೆ.

ಎಲ್ಲರೂ ಚೀಟಿ ತಿರುವಿ ನೋಡುತ್ತಿದ್ದರು,
ನಾನು ರಾಶಿಗೆ ಕೈ ಹಾಕಿ ಕಫ್ಫು ಮುಟ್ಟುತ್ತ ಹೋದೆ.
ನೀಲಿ, ಬೂದು, ಮತ್ತೆ ನೀಲಿ, ಸಾಸಿವೆ ಬಣ್ಣದ್ದೊಂದು,
ಅಲ್ಲಿ
ಉಗುರಿಗೆ ತಗುಲಿತು ಸಣ್ಣ ದಪ್ಪ.
ಎರಡು ಸಲದ ಬೀಗ.
ಮೊದಲ ವಾರದ್ದು. ನನ್ನದು.

‘ಎಲ್ಲಾ ಒಂದೇ ಅಕ್ಕ’ ಅಂದ ಹುಡುಗ,
ಬೆಳಗ್ಗೆಯಿಂದ ಮಡಚಿ ಮಡಚಿ ಬೇಸತ್ತವನು.

ಸೈಜು ನಲವತ್ತನಾಲ್ಕು.
ಜಯಸ್ವಾಮಿ ಮೂವತ್ತೆಂಟು, ಅದೂ ಉಂಡ ಮೇಲೆ.
ಅವನಿಗೆ ಬೇರೆ ನೀಲಿ ಆರಿಸಿದೆ, ಇಂಚಿಗೆ ಎಂಟರದ್ದೇ.
ಗುಂಡಿಗಳಿಗೆ ಮನೆಯಲ್ಲಿ ಇನ್ನೊಂದು ಸುತ್ತು ದಾರ ಹಾಕಿಕೊಟ್ಟರಾಯಿತು.

ಇದನ್ನು ಬಿಟ್ಟು ಬರಲು ಮಾತ್ರ ಮನಸ್ಸಾಗಲಿಲ್ಲ.
ಪಕ್ಕದಲ್ಲಿ ಭಾರೀ ಆಳೊಬ್ಬರು, ಕಂಕುಳಲ್ಲಿ ಹೆಲ್ಮೆಟ್ಟು,
ತಮ್ಮ ಅಳತೆ ಹುಡುಕಿ ಸೋತವರು.
‘ಇದು ತಗೊಳ್ಳಿ ಸಾರ್, ಬಾಳಿಕೆ ಬರ್ತದೆ.’
ಅವರು ಕೊಕ್ಕರೆ ನೋಡಿದರು, ಚೀಟಿ ನೋಡಿದರು,
ಆಮೇಲೆ ನನ್ನನ್ನು.
‘ಇಲ್ಲೇ ಕೆಲ್ಸ ಮಾಡ್ತೀರಾ?’

‘ಟ್ರಯಲ್ ರೂಮು ಆ ಕಡೆ’ ಅಂದೆ.

ತೋಳಿನ ತುದಿ ಹಿಡಿದುಕೊಂಡು ಹೊರಟರು,
ಸಂತೆಯಲ್ಲಿ ಮಗುವಿನ ಕೈ ಹಿಡಿದ ಹಾಗೆ.
ನಾನು ಬಿಲ್ಲಿನ ಸಾಲಿಗೆ ಬಂದು ನಿಂತೆ.