ಶ್ರವಣಕ್ಕೆ ಎಷ್ಟು ಬಿಸಿ

ಮಾಚೇನಹಳ್ಳಿಯಲ್ಲಿ ಏಳು ಗಂಟೆಗೆ ಟೀ.
ಎರಡನೇ ಶಿಫ್ಟಿನವರೆಲ್ಲ ಶೆಡ್ಡಿನ ಹಿಂದಿನ ಮರಳುಗುಡ್ಡೆಯ ಮೇಲೆ.
ಎರಕಕ್ಕೆ ಸುಟ್ಟು ಕಪ್ಪಾದ ಮರಳು,
ಇನ್ನೂ ಬೆಚ್ಚಗೆ, ಕೂತರೆ ಹಿತ.

"ಮೇಡಂ, ನೆತ್ತಿ ಮೇಲಿರೋದು ಯಾವುದು?"
ಶ್ರವಣ, ಅಂದೆ.
"ಅದು ಬಿಳಿ ಇದೆಯಲ್ರೀ,"
ಹಾಲೇಶಪ್ಪ ಲೋಟ ಕೆಳಗಿಟ್ಟರು,
"ಹೋದ ವರ್ಷ ಹಳದಿ ಇತ್ತು."

ಹೋದ ವರ್ಷ ಅವರ ಕಣ್ಣಲ್ಲಿ ಪೊರೆ ಇತ್ತು.
ಮೂವತ್ತೊಂದು ವರ್ಷ ಕುಲುಮೆಯ ಬಾಯಿಗೆ ಮುಖವಿಟ್ಟು
ಒಳಗೇ ಬೆಂದ ಪೊರೆ.
ಗೌರಿಹಬ್ಬಕ್ಕೆ ಮುಂಚೆ ಬಲಗಣ್ಣು, ದಸರಾ ಹೊತ್ತಿಗೆ ಎಡಗಣ್ಣು.
ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಮೆಟ್ಟಿಲಲ್ಲೇ ನಿಂತು
"ಇದು ನೀಲಿಯೇನೇ? ಹಸಿರು ಅಂದ್ಕೊಂಡಿದ್ದೆ" ಅಂದರಂತೆ
ಹೆಂಡತಿಗೆ.
ಸೀರೆಗೆ ಏಳು ವರ್ಷ.

ನಾನು ನಕ್ಕೆ. ಅವರು ನಗಲಿಲ್ಲ.
ಬಿಸಿ ಅಳೆಯುವ ಗನ್ನು ಬರುವ ಮೊದಲು
ಈ ಫೌಂಡ್ರಿಯಲ್ಲಿ ಕಬ್ಬಿಣದ ಬಿಸಿ ಅಂದರೆ
ಹಾಲೇಶಪ್ಪ ನೀಲಿ ಗಾಜಿನಲ್ಲಿ ಇಣುಕಿ ಹೇಳಿದ್ದು:
ಕೆಂಡಸಂಪಿಗೆಯೋ, ಇನ್ನೂ ಕಾಯಲಿ.
ಬಾಳೆಹಣ್ಣಿನ ತಿರುಳೋ, ಹುಯ್ಯಿರಿ.
ಗನ್ನು ಬಂದ ಮೇಲೂ ಸೂಪರ್‌ವೈಸರು
ಅಂಕಿ ನೋಡಿ, ಆಮೇಲೆ ಅವರ ಮುಖ ನೋಡುತ್ತಿದ್ದ.

"ಪೊರೆ ಎಂದಿನಿಂದ ಇತ್ತೋ.
ಬಿಳಿ ಆಗಿದ್ದನ್ನ ಹಳದಿ ಅಂತ
ಎಷ್ಟು ಹೀಟು ಸುಮ್ಮನೆ ಕಾಯಿಸಿದೆನೋ.
ಆ ಫ್ಲೈವೀಲು..."

ಆ ಫ್ಲೈವೀಲು.
ಒಳಗೆ ಕಡಲೆಕಾಳಿನಷ್ಟು ಟೊಳ್ಳು.
ಹೊಳಲ್ಕೆರೆಯ ಕ್ರಷರಿನಲ್ಲಿ ಒಡೆದು
ಒಬ್ಬ ಹುಡುಗನ ಎರಡು ಬೆರಳು ಹೋದವು.
ಅದರ ಬ್ಯಾಲೆನ್ಸ್ ಚೀಟಿಗೆ ಸಹಿ ಹಾಕಿದವಳು ನಾನು.
ಇಬ್ಬರಿಗೂ ಗೊತ್ತು; ಇಬ್ಬರೂ ಮೇಲೆ ನೋಡಿದೆವು.

ಸಹ್ಯಾದ್ರಿ ಕಾಲೇಜಿನ ಬಿಎಸ್ಸಿ, ಇಷ್ಟು ವರ್ಷಕ್ಕೆ ಬಾಯಿಗೆ ಬಂತು:
ಅದು ದುಂಡಗಿಲ್ಲ ಹಾಲೇಶಪ್ಪನವರೇ.
ಸೂರ್ಯನಿಗೆ ಒಂದು ಸುತ್ತಿಗೆ ಇಪ್ಪತ್ತೈದು ದಿನ,
ಅದಕ್ಕೆ ಎಂಟೊಂಬತ್ತು ಗಂಟೆ,
ನಮ್ಮದೊಂದು ಶಿಫ್ಟು, ಬಿದ್ದರೆ ಒಂದು ತಾಸು ಓವರ್‌ಟೈಮು.
ಸೂರ್ಯನ ಸುಮಾರು ಎರಡರಷ್ಟು ಭಾರದ ಮೈ,
ನಡುವಿನಲ್ಲಿ ಸೆಕೆಂಡಿಗೆ ಇಲ್ಲಿಂದ ಬೆಂಗಳೂರಿನಷ್ಟು ಓಟ.
ಸೊಂಟ ಉಬ್ಬಿದೆ, ನೆತ್ತಿ ತಗ್ಗಿದೆ,
ಅಂಗೈಯಲ್ಲಿ ಮೆಲ್ಲಗೆ ಒತ್ತಿದ ಹಿಟ್ಟಿನುಂಡೆ.
ಇನ್ನೂ ಸ್ವಲ್ಪ ಜೋರಾದರೆ ಚೂರುಚೂರು.
ಆಗಿಲ್ಲ.
ಎರಕ ಹುಯ್ದವರಿಲ್ಲ, ಚೀಟಿಗೆ ಸಹಿ ಹಾಕಿದವರಿಲ್ಲ,
ತನ್ನ ಭಾರವೇ ತನ್ನನ್ನು ಹಿಡಿದಿದೆ.

"ಬಿಸಿ ಎಷ್ಟು?"
ನೆತ್ತಿ ಒಳಬೆಂಕಿಗೆ ಹತ್ತಿರ, ಅಲ್ಲಿ ಎಂಟೂವರೆ ಸಾವಿರ.
ಸೊಂಟ ದೂರ, ಅಲ್ಲಿ ಏಳರ ಆಸುಪಾಸು.
"ನಮ್ಮದು ಸಾವಿರದ ನಾನೂರಕ್ಕೇ ಜೀವ ಬಿಡುತ್ತೆ" ಅಂದರು.
ಸ್ವಲ್ಪ ಹೊತ್ತು ಬಿಟ್ಟು,
"ಹಂಗಾದ್ರೆ ಲಾಗ್‌ಬುಕ್ಕಲ್ಲಿ ಯಾವುದು ಬರೀತಾರೆ?"

ನನಗೆ ಗೊತ್ತಿರಲಿಲ್ಲ.
ಈ ಬೆಳಕು ಹೊರಟು ಹದಿನೇಳು ವರ್ಷವಾಗುತ್ತಾ ಬಂತು,
ಆಗ ನಿಮ್ಮ ಕಣ್ಣಿಗೆ ಪೊರೆ ಬಂದಿರಲಿಕ್ಕಿಲ್ಲ, ಅಂತ ಮಾತ್ರ ಅಂದೆ.

"ನಮ್ಮಜ್ಜಿ ತೋರಿಸೋರು," ಅವರ ಬೆರಳು ಮೇಲಕ್ಕೆ,
"ಆಚೆ ಒಂದು ಚುಕ್ಕಿ, ಈಚೆ ಒಂದು. ಅಪ್ಪ, ಅಮ್ಮ.
ಕಾವಡಿ ಹೊತ್ತೋನು ನಡುವೆ."
ಒಂದು ಬುಟ್ಟಿ ಇರುವುದು ನಲವತ್ತೈದು ಜ್ಯೋತಿರ್ವರ್ಷ ದೂರ,
ಇನ್ನೊಂದು ನಾನೂರರ ಹತ್ತಿರ,
ಅವನ ಹೆಗಲ ಮೇಲೆ ಏನೂ ಇಲ್ಲ.
ಹೇಳಲು ಮನಸ್ಸಾಗಲಿಲ್ಲ.

ಸೈರನ್ನು.
ಪ್ಯಾಂಟಿನ ಮರಳು ಕೊಡವಿ ಒಳಗೆ ಹೋದರು.
ಗನ್ನು ಅಂಕಿ ತೋರಿಸಿದ ಮೇಲೂ
ನೀಲಿ ಗಾಜು ಹಿಡಿದು ನೋಡಿದರು, ಇಳಿಸಿದರು,
ಇನ್ನೊಮ್ಮೆ ನೋಡಿದರು.
ಸೂಪರ್‌ವೈಸರು ಕಾಯುತ್ತಿದ್ದ.

ನಾನು ನನ್ನ ಮೆಷಿನ್ನಿಗೆ ಬಂದು ಚಕ್ರ ಏರಿಸಿ ತಿರುಗಿಸಿದೆ.
ಒಂದು ಕಡೆ ಒಂಬತ್ತು ಗ್ರಾಂ ಜಾಸ್ತಿ.
ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಕೊರೆದು,
ಮತ್ತೆ ತಿರುಗಿಸಿದೆ.
ಸರಿ ಇತ್ತು.
ಸಹಿ ಹಾಕದೆ ಇನ್ನೊಂದು ಸಲ ತಿರುಗಿಸಿದೆ.