ಖಾಲಿ ಕಳಿಸಬಾರದ ಡಬ್ಬಿ

ಮುಚ್ಚಳದ ಮೇಲೆ ಮುದ್ದವ್ವನ ಮದುವೆಯ ತಾರೀಖು ಕೊರೆದಿದೆ,
ಗಂಡನ ಹೆಸರು ಸವೆದುಹೋಗಿದೆ.
ಪೊನ್ನಂಪೇಟೆಯಿಂದ ಚೇರಂಬಾಣೆಗೆ
ಮೂರು ಬಸ್ಸು, ಇಬ್ಬರು ಗುರುತಿನ ಕಂಡಕ್ಟರು.
ಹಂದಿ ಉಪ್ಪಿನಕಾಯಿ ತುಂಬಿ ಬರುತ್ತದೆ,
ಕಿತ್ತಳೆ ಸಿಪ್ಪೆಯ ಗೊಜ್ಜು ತುಂಬಿ ಹೋಗುತ್ತದೆ.
ಒಮ್ಮೆ ಮನೆಯಲ್ಲಿ ಏನೂ ಇರಲಿಲ್ಲ,
ಒಂದು ಹಿಡಿ ಕಾಳುಮೆಣಸು ಹಾಕಿ ಕಳಿಸಿದೆ.
ಡಬ್ಬಿ ಖಾಲಿ ಹೋದರೆ
ಮಾತು ಮುಗಿಯಿತು ಎಂದರ್ಥವಂತೆ.

ನಾವು ನಾಲ್ವರು ಸಿಕ್ಕಿದ್ದು ಮಡಿಕೇರಿಯ ಟೈಪಿಂಗ್ ಕ್ಲಾಸಿನಲ್ಲಿ.
ಎ ಎಸ್ ಡಿ ಎಫ್, ಕಿಟಕಿಯಾಚೆ ಮಂಜು.
ಒಬ್ಬರಿಗೂ ಟೈಪಿಂಗ್ ಕೆಲಸ ಸಿಗಲಿಲ್ಲ.
ಮೈಮೂನ ನಾಪೋಕ್ಲುವಿನಲ್ಲಿ ಬಟ್ಟೆ ಹೊಲಿಯುತ್ತಾಳೆ,
ಜಲಜಾಕ್ಷಿ ಸುಂಟಿಕೊಪ್ಪದ ಸೊಸೈಟಿಯಲ್ಲಿ ಗೊಬ್ಬರದ ಲೆಕ್ಕ ಬರೆಯುತ್ತಾಳೆ,
ಮುದ್ದವ್ವನಿಗೆ ತೋಟ, ಜೀಪು, ಮೊಣಕಾಲು ನೋವು,
ನಾನು ಊರೂರು ನಡೆದು ಕೂಸುಗಳಿಗೆ ಲಸಿಕೆ ಹಾಕುವವಳು.

ತಿಂಗಳಿಗೊಂದು ಭಾನುವಾರ ಎಂದು ಮಾತು.
ಮಾತಿಗೇನು!
ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ, ಕಾಯಬೇಕು.
ಜನವರಿಯಲ್ಲಿ ಆನೆ ಮುದ್ದವ್ವನ ಗೇಟಿನಲ್ಲೇ ನಿಂತಿತ್ತು
ಮಧ್ಯಾಹ್ನ ಎರಡರವರೆಗೆ,
ಅದಕ್ಕೂ ಭಾನುವಾರವೇ ಬೇಕಿತ್ತು.
ಫೆಬ್ರವರಿಗೆ ಮದುವೆ. ಮಾರ್ಚಿಗೆ ಸಾವು, ತಿಥಿ, ಮತ್ತೊಂದು ಮದುವೆ.
ನೀರಿನ ಟ್ಯಾಂಕಿನ ಮೇಲೆ ಹತ್ತಿ, ಫೋನು ಎತ್ತಿ ಹಿಡಿದು
'ಏಪ್ರಿಲ್' ಎಂದು ಕೂಗಿದೆ.
ಜಲಜಾಕ್ಷಿಗೆ ಕೇಳಿಸಿದ್ದು 'ಪ್ರಿಲ್' ಮಾತ್ರ. ಸಾಕಾಯಿತು.

ಹೊರಟದ್ದು ಚೇಲಾವರದ ಜಲಪಾತಕ್ಕೆ.
ಮೈಮೂನಳ ಓಮ್ನಿ, ಮೈಮೂನಳದೇ ಡ್ರೈವಿಂಗು:
ನಲವತ್ತೆಂಟಕ್ಕೆ ಕಲಿತದ್ದು, ಎರಡನೇ ಗೇರು ದಾಟುವುದಿಲ್ಲ,
ತಿರುವಿಗೊಂದು ಬಿಸ್ಮಿಲ್ಲಾ.
ಚೆಯ್ಯಂಡಾಣೆಗೆ ಇನ್ನೇನು ಮೂರು ಮೈಲಿ ಎನ್ನುವಾಗ
ರಸ್ತೆಗೆ ಅಡ್ಡ ಮಲಗಿತ್ತು ಬಳಂಜಿ ಮರ,
ರಾತ್ರಿಯ ಗಾಳಿಗೆ ಬಿದ್ದದ್ದು,
ಬೇರಿನಲ್ಲಿನ್ನೂ ಹಸಿ ಮಣ್ಣು.

ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. ಕೂತೆವು.
ಗಂಟೆ ಕಳೆದ ಮೇಲೆ ಆಚೆ ಬದಿಯಲ್ಲಿ ಜೀಪಿನ ಕೆಮ್ಮು,
ಎಲೆಗಳ ಸಂದಿಯಿಂದ ಮುದ್ದವ್ವನ ಬೈಗುಳ ಮೊದಲು, ಮುಖ ಆಮೇಲೆ,
ಹಿಂದೆ ಜಲಜಾಕ್ಷಿ.
ಕಾದು ಕಾದು, ಹುಡುಕಿಕೊಂಡು ಬಂದಿದ್ದರು.

ಮರ ದಾಟಲು ಅವಳ ಮೊಣಕಾಲು ಒಪ್ಪಲಿಲ್ಲ,
ನನ್ನ ಸೀರೆಯೂ.
ಅವರಿಬ್ಬರು ಆಚೆ, ನಾವಿಬ್ಬರು ಈಚೆ,
ಮರದ ಬೆನ್ನ ಮೇಲೆ ಬಾಳೆಲೆ.
ಕಡುಬುಟ್ಟು, ಪತ್ತಿರಿ, ಹಂದಿಯ ಪಾತ್ರೆ,
ಮೈಮೂನಳ ಮೀನಿನ ಪಾತ್ರೆಗೆ ಕೆಂಪು ದಾರ,
ಗುರುತು ತಪ್ಪಬಾರದೆಂದು ಮುದ್ದವ್ವ ಯಾವಾಗಲೂ ಕಟ್ಟುವ ದಾರ.
ಇರುವೆಗಳು ಮಾತ್ರ ನಾಲ್ವರನ್ನೂ ಒಂದೇ ಸಮ ಕಚ್ಚಿದವು.

ಆಗ ಜಲಜಾಕ್ಷಿ, ಉಪ್ಪು ಕೇಳಿದಷ್ಟೇ ಸಲೀಸಾಗಿ,
ಎಡ ಎದೆಯ ಗಂಟಿನ ರಿಪೋರ್ಟು ಬಂದಿದೆ ಎಂದಳು.
ಟ್ಯಾಂಕಿನ ಮೇಲಿಂದ ಕೂಗಿ ಕೇಳುವ ಸುದ್ದಿಯಲ್ಲ ಅದು,
ಬಸ್ಸಿಗೆ ಹಾಕಿ ಕಳಿಸುವಂಥದ್ದೂ ಅಲ್ಲ.
ಮುದ್ದವ್ವ ಏನೂ ಅನ್ನದೆ
ಅವಳೆಲೆಗೆ ಇನ್ನೊಂದು ಕಡುಬುಟ್ಟು ಹಾಕಿದಳು.
ಮೈಮೂನ ಮರದ ಮೇಲಿಂದ ಕೈ ಚಾಚಿದಳು,
ಅಷ್ಟು ದಪ್ಪದ ಮರ,
ಬೆರಳು ಮಾತ್ರ ಎಟುಕಿತು.

ಮೂರು ಗಂಟೆಗೆ ಗರಗಸದ ಪಿಯೂಸ್ ಬಂದ.
'ಸರಿಯಿರಿ ಅಕ್ಕ, ಕೊಯ್ಯಬೇಕು.'
'ಕೂತು ಉಣ್ಣು ಮೊದಲು.'
ಯಾವ ಬದಿ ಎಂದು ನೋಡಿ,
ಕುದುರೆಯ ಹಾಗೆ ಮರ ಏರಿ ಕೂತ.

ದಾರಿ ಬಿಟ್ಟಾಗ ಜಲಪಾತಕ್ಕೆ ಹೊತ್ತಿರಲಿಲ್ಲ.
ಜಲಜಾಕ್ಷಿ ನಮ್ಮ ಓಮ್ನಿ ಹತ್ತಿ
ಮುಂದಿನ ತಿರುವಿನವರೆಗೆ ಬಂದಳು,
ಇಳಿದಳು,
ಜೀಪಿನತ್ತ ನಡೆದು ಹೋದಳು, ಚಪ್ಪಲಿ ಕೈಯಲ್ಲಿ.

ಡಬ್ಬಿ ಅಲ್ಲೇ ಮರೆತಿದ್ದೆ.
ಬುಧವಾರ ಬಸ್ಸಿನಲ್ಲಿ ಬಂತು,
ಕಂಡಕ್ಟರಿಗೆ ಅದರ ಗುರುತಿದೆ.
ಮುಚ್ಚಳಕ್ಕೆ ಮರದ ಹುಡಿ,
ಒಳಗೆ ಹನ್ನೊಂದು ಕಾಡುಮಾವು.

ಮುಂದಿನ ಭಾನುವಾರ ಮೈಸೂರು, ಆಸ್ಪತ್ರೆ.
ಮೂರು ಊರಿನಿಂದ ಮೂವರೂ ಬಸ್ಸು ಹತ್ತುತ್ತೇವೆ,
ಆನೆ ನಿಂತರೂ ಸರಿ.
ಅದಿರಲಿ, ಈ ಡಬ್ಬಿಯನ್ನು ಯಾವ ಬಸ್ಸಿಗೆ ಕೊಡಲಿ?
ಪಿಯೂಸನ ಊರು ಯಾವುದೆಂದು
ನಮ್ಮಲ್ಲಿ ಒಬ್ಬಳೂ ಕೇಳಿರಲಿಲ್ಲ.